ಗೂಡಿನ ಲೋಟ

ಹಟ್ಟಿ ಚಿನ್ನದ ಗಣಿಯ ಕ್ಯಾಂಪು,
ಕ್ಲಬ್ಬಿನ ಹಿಂದಿನ ಬಯಲು, ಎರಡು ಬಿದಿರಿಗೆ ಬಿಗಿದ ಪರದೆ.
ಯೂನಿಯನ್ನಿನವರು ರಾಯಚೂರಿನಿಂದ
ಬಸ್ಸಿನ ತಲೆಯ ಮೇಲೆ ತಂದ ಪ್ರೊಜೆಕ್ಟರು
ಹಿಟ್ಟಿನ ಗಿರಣಿಯ ಹಾಗೆ ಗುರುಗುಡುತ್ತಿತ್ತು.
ನನಗೆ ಹದಿನಾಲ್ಕು. ಅಪ್ಪನ ಪಕ್ಕ, ಬೆಂಚಿನ ಮೇಲೆ.
ಹುಸೇನಪ್ಪ ಹಿಂದೆ, ಉಸುಕಿನಲ್ಲಿ,
ತೊಡೆಯ ಮೇಲೆ ರಾತ್ರಿ ಪಾಳಿಯ ಹೆಲ್ಮೆಟ್ಟು.

ಆಫ್ರಿಕಾದ ಕಥೆ.
ಕೆಳಗಿನ ಇಂಗ್ಲಿಷು ಓದುವಷ್ಟರಲ್ಲಿ ಓಡಿಹೋಗುತ್ತಿತ್ತು.
ವಿಜ್ಞಾನದ ಮೇಷ್ಟ್ರು ಎದ್ದು ನಿಂತು ಅಷ್ಟಷ್ಟೇ ಹೇಳುತ್ತಿದ್ದರು:
ಇವನು ಗುಮಾಸ್ತ, ಕರಿಯರ ಪಾಸಿಗೆ ಮುದ್ರೆ ಒತ್ತುವವನು.
ಮುದ್ರೆ ಇಲ್ಲದವರು ಕತ್ತಲಾದರೆ ಪಟ್ಟಣದಲ್ಲಿ ಇರುವ ಹಾಗಿಲ್ಲ.
ಈಕೆಗೆ ಆಸ್ಪತ್ರೆಗೆ ಹೋಗಬೇಕು, ಕೂಸಿಗೆ ಜ್ವರ.
ಆಗಲ್ಲ ಅಂದ.

ಗಾಳಿ ಬೀಸಿದರೆ ಬಿಳಿಯನ ಮುಖ ಸುಕ್ಕಾಗುತ್ತಿತ್ತು,
ಪರದೆ ಬಿಗಿದರೆ ಮತ್ತೆ ನಯ.
ನಡುವೆ ಗಣಿ ಬಂತು. ಕೇಜು ಇಳಿಯಿತು.
ಹಿಂದಿನಿಂದ ಯಾರೋ, 'ಅಲ್ಲೀನೂ ಬಂಗಾರನ ನೋಡ್ರಲೇ!'
ಬಯಲೆಲ್ಲ ನಕ್ಕಿತು, ನಗು ಅರ್ಧಕ್ಕೇ ನಿಂತಿತು.

ಮರುದಿನ ಅದೇ ಹೆಂಗಸು. ಕಂಕುಳು ಖಾಲಿ.
ಗುಮಾಸ್ತನ ಕೈ ಮುದ್ರೆಯ ಮೇಲೇ ಉಳಿಯಿತು.
ಮೇಷ್ಟ್ರೂ ಏನೂ ಹೇಳಲಿಲ್ಲ.

ಆಗಲೇ ಪಾಳಿಯ ಭೋಂಗಾ.
ಹುಸೇನಪ್ಪ ಎದ್ದು ಬೆಳಕಿಗೆ ಅಡ್ಡ ಹಾಯ್ದ.
ಗುಮಾಸ್ತನ ಮೇಜಿನ ಮೇಲೆ ಒಂದು ಗಳಿಗೆ
ಹೆಲ್ಮೆಟ್ಟಿನ ಕರೀ ನೆರಳು.
'ಲೇ, ಕೂಡ್ರಲೇ!' ಎಂದು ಕೂಗಿದರು.
ಕೂಗಿದವರಲ್ಲಿ ನಾನೂ ಇದ್ದೆ.

ಕೊನೆಗೆ ಗುಮಾಸ್ತ ರಿಜಿಸ್ಟರು ಹರಿದ,
ಹೆಂಡತಿ ಬಿಟ್ಟು ಹೋದಳು, ತಮ್ಮ ಉಗುಳಿದ, ಜೈಲು.
ಚಪ್ಪಾಳೆ. ಅಪ್ಪ ಟವೆಲ್ಲು ಕಣ್ಣಿಗೆ ಒತ್ತಿಕೊಂಡ.
ಮನೆಯ ದಾರಿಯಲ್ಲಿ ಅಂದ:
'ಎಂಥಾ ಮಂದಿ ಇದ್ದಾರಪಾ ಜಗತ್ತಿನ್ಯಾಗ!
ಮನಷ್ಯಾರನ್ನ ಹಂಗ ನೋಡ್ತಾರೇನು?'

ಬೆಳಿಗ್ಗೆ ನಮ್ಮ ಹೋಟ್ಲು.
ಹೊರಗೋಡೆಯ ಗೂಡಿನಲ್ಲಿ ಮೂರು ಲೋಟ.
ಪಾಳಿ ಮುಗಿಸಿ ಬಂದ ಹುಸೇನಪ್ಪ
ಒಂದನ್ನು ತಾನೇ ತೊಳೆದು ಮೆಟ್ಟಿಲ ಮೇಲಿಟ್ಟ.
ಅಪ್ಪ ಗೇಣೆತ್ತರದಿಂದ ಚಹಾ ಬಿಟ್ಟ,
ಇಪ್ಪತ್ತು ವರ್ಷದ ಕೈ, ಒಂದು ಹನಿ ಚೆಲ್ಲಲಿಲ್ಲ.
ಗಲ್ಲೆಯಲ್ಲಿ ನಾನು.
ಚಿಲ್ಲರೆ ಎಣಿಸಿ ಅವನ ಅಂಗೈಗೆ ಮೇಲಿನಿಂದ ಬಿಟ್ಟೆ,
ಬೆರಳು ತಾಗದ ಹಾಗೆ.
ಯಾರೂ ಕಲಿಸಿದ್ದಲ್ಲ.
ಒಂದು ನಾಣ್ಯ ತಪ್ಪಿ ಕಲ್ಲಿಗೆ ಬಿತ್ತು,
ಟಪ್.
ಆ ಸದ್ದು ನಿನ್ನೆ ಕೇಳಿದ್ದೆ.
ರಾತ್ರಿಯೆಲ್ಲ ಪರದೆಯ ಮೇಲೆ
ಪಾಸಿನ ನಂತರ ಪಾಸು, ಟಪ್, ಟಪ್.

ಹನ್ನೊಂದು ದಿನ ಏನೂ ಮಾಡಲಿಲ್ಲ.
ಅಪ್ಪ ಸಕ್ಕರೆ ತರಲು ಲಿಂಗಸುಗೂರಿಗೆ ಹೋದ ದಿನ
ಒಳಗಿನ ಲೋಟದಲ್ಲಿ ಚಹಾ ತಂದು ಚಾಚಿದೆ.
ಹುಸೇನಪ್ಪ ಮುಟ್ಟಲಿಲ್ಲ.
'ಸಿನಿಮಾ ಮುಂದ ಏನಾತು?' ಅಂದ.
ಹೇಳಿದೆ. ರಿಜಿಸ್ಟರು, ಹೆಂಡತಿ, ಜೈಲು.
'ಅವಂದಲ್ಲೋ ತಮ್ಮಾ. ಆಕೀದು.'

ಆಕೆ ಮತ್ತೆ ಬರಲೇ ಇಲ್ಲ.
ಹೆಸರು? ಎಷ್ಟು ನೆನೆದರೂ ಇಲ್ಲ.
ಗುಮಾಸ್ತನ ನಾಯಿಗೂ ಒಂದು ಹೆಸರಿತ್ತು.

'ಹೋಗ್ಲಿ ಬಿಡು' ಎಂದು ಗೂಡಿನ ಲೋಟವನ್ನೇ ಹಿಡಿದ.
'ಇದರಾಗ ಹಾಕು. ನಾಳಿ ನಿಮ್ಮಪ್ಪ ಬೈಯೋದು ನನಗ.
ಆದ್ರ ಕೆಟಲು ಕೆಳಗಿಳಿಸಿ ಹಾಕು.'
ಇಳಿಸಿದೆ. ಕೆಟಲಿನ ಮೂತಿ ಲೋಟದ ಅಂಚಿಗೆ ತಾಗಿತು.
ಕೈ ನಡುಗಿ ಅರ್ಧ ಅವನ ಹೆಬ್ಬೆರಳ ಮೇಲೆ ಚೆಲ್ಲಿತು.
ಅಪ್ಪನಷ್ಟು ಚೆಂದ ನನಗೆ ಬರಲಿಲ್ಲ.

ಮೂವತ್ತೈದು ವರ್ಷ. ಇದನ್ನು ನಾಲ್ಕು ಕಡೆ ಹೇಳಿದ್ದೇನೆ,
ಕೇಳಿದವರು ನನ್ನ ಬೆನ್ನು ತಟ್ಟಿದ್ದಾರೆ.
ಇಲ್ಲಿಯೂ ಬೆಳಕಿನ ನಡುವೆ ನಿಂತವನು ನಾನೇ.
ಒಲೆಯ ಬೂದಿ ಒಯ್ಯಲು ದಿನಾ ಹಿತ್ತಲಿಗೆ ಬರುತ್ತಿದ್ದ
ಹುಸೇನಪ್ಪನ ಹೆಂಡತಿಯನ್ನು
ನಾವು ಕರೆಯುತ್ತಿದ್ದುದು
ಬೂದಿಯಾಕಿ ಎಂದು.